ಗಾರ್ಟ್‌ನ ಗದ್ದದ ಕೆಳಗಿನ ತೂತುಗಳು

ರಾಬರ್ಟ್ ವೈಸ್ 1951ರಲ್ಲಿ ನಿರ್ದೇಶಿಸಿದ ‘ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್’ ಚಿತ್ರದಲ್ಲಿ ಹಾರುವ ತಟ್ಟೆಯಿಂದ ಇಳಿದು ಬರುವ ಗಾರ್ಟ್ ಎಂಬ ರೋಬಾಟ್‌ನ ಮೈಯಲ್ಲಿ ಒಂದು ಬೆಸುಗೆಯಾಗಲಿ, ತಿರುಪಾಗಲಿ ಕಾಣುವುದಿಲ್ಲ. ಅಡಿಯಿಂದ ಮುಡಿಯವರೆಗೆ ಒಂದೇ ಎರಕದ ಲೋಹ. ಚಿತ್ರೀಕರಣದ ಸ್ಥಳದಲ್ಲಿ ಇದ್ದದ್ದೇ ಬೇರೆ. ಅದು ಫೋಮ್ ರಬ್ಬರಿನ ಉಡುಪು, ಒಳಗಿದ್ದವನು ಲಾಕ್ ಮಾರ್ಟಿನ್ ಎಂಬ ಏಳಡಿ ಮೀರಿದ ಎತ್ತರದ ಮನುಷ್ಯ. ಅಂಥ ಉಡುಪುಗಳು ಎರಡಿದ್ದವು: ಒಂದನ್ನು ಬೆನ್ನ ಕಡೆಯಿಂದ ಮುಚ್ಚಬೇಕು, ಇನ್ನೊಂದನ್ನು ಎದೆಯ ಕಡೆಯಿಂದ. ಕ್ಯಾಮೆರಾ ಎದುರಿಗಿದ್ದರೆ ಮೊದಲನೆಯದು, ಹಿಂದಿದ್ದರೆ ಎರಡನೆಯದು. ಅಲುಗಾಡಬೇಕಿಲ್ಲದ ಕಡೆ ಫೈಬರ್‌ಗ್ಲಾಸಿನ ಪ್ರತಿಮೆ. ಹೀಗೆ ತೆರೆಯ ಮೇಲಿನ ಗಾರ್ಟ್ ಒಂದಕ್ಕಿಂತ ಹೆಚ್ಚು ವಸ್ತುಗಳಲ್ಲಿ ಹಂಚಿಹೋಗಿದೆ. ಆ ಪೈಕಿ ಯಾವುದೂ ಪೂರ್ತಿ ಗಾರ್ಟ್ ಅಲ್ಲ. ಈ ಗಾರ್ಟ್‌ನ ರೆಸಿನ್ ಕಿಟ್ಟನ್ನು ಮುಂದಿಟ್ಟುಕೊಂಡು ಮಾದರಿ ಜೋಡಿಸಲು ಕೂತವರಿಗೆ ಒಂದು ಸಣ್ಣ ಪ್ರಶ್ನೆ ಬರುತ್ತದೆ. ಒಳಗಿನ ನಟ ಉಸಿರಾಡಲೆಂದು ಮುಖವಾಡದ ಗದ್ದದ ಕೆಳಗೆ ತೂತುಗಳಿದ್ದವು. ಕಣ್ಣಿಟ್ಟು ನೋಡಿದರೆ ಚಿತ್ರದಲ್ಲೂ ಕಾಣುತ್ತವೆ. ಮಾದರಿಯಲ್ಲಿ ಅವನ್ನು ಕೊರೆಯಬೇಕೆ, ಬೇಡವೆ? ಪ್ರಶ್ನೆ ಸಣ್ಣದಾದರೂ ಅದರ ಬೇರು ಆಳಕ್ಕಿಳಿದಿದೆ. ಎಲ್ಲಿಯೂ ಇಡಿಯಾಗಿ ಇಲ್ಲದ ಒಂದಕ್ಕೆ ನಿಷ್ಠರಾಗಿರುವುದು ಎಂದರೇನು?

ರೆಸಿನ್ ಕಿಟ್ ತಯಾರಾಗುವ ಬಗೆಯನ್ನು ತಿಳಿದರೆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಶಿಲ್ಪಿಯೊಬ್ಬ ಚಿತ್ರದ ದೃಶ್ಯಗಳನ್ನು ನೋಡಿ ನೋಡಿ ಮೂಲಮಾದರಿಯನ್ನು ಕಡೆಯುತ್ತಾನೆ. ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆದು, ಆ ಅಚ್ಚಿಗೆ ಎರಡು ದ್ರವ ಬೆರೆಸಿದ ಪಾಲಿಯುರಿಥೇನ್ ರೆಸಿನ್ ಹೊಯ್ದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಅಚ್ಚು ಬಹಳ ಬಾಳುವುದಿಲ್ಲ, ಕೆಲವು ಹತ್ತು ಎರಕಗಳ ನಂತರ ಹರಿಯತೊಡಗುತ್ತದೆ. ಅದಕ್ಕೇ ಇಂಥ ಕಿಟ್‌ಗಳು ಕಡಿಮೆ ಸಂಖ್ಯೆಯಲ್ಲಿ ಹೊರಬರುತ್ತವೆ. ಕೊಂಡವರ ಕೈಗೆ ಬರುವುದು ಒಂದಿಷ್ಟು ಬಿಡಿ ಭಾಗಗಳು: ಮೈಮೇಲೆ ಗಾಳಿಗುಳ್ಳೆಯ ಗುಳಿಗಳು, ಅಚ್ಚಿನ ಎರಡು ಹೋಳು ಕೂಡಿದಲ್ಲೆಲ್ಲ ಎದ್ದ ಗೆರೆ. ಗುಳಿಗಳಿಗೆ ಪುಟ್ಟಿ ತುಂಬಬೇಕು, ಗೆರೆಯನ್ನು ಉಪ್ಪುಕಾಗದದಿಂದ ನೀರು ಹಚ್ಚಿ ಉಜ್ಜಬೇಕು (ಒಣದಾಗಿ ಉಜ್ಜಿದರೆ ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು), ಕೈಕಾಲುಗಳಿಗೆ ಹಿತ್ತಾಳೆ ತಂತಿ ತೂರಿಸಿ ಸೂಪರ್ ಗ್ಲೂ ಹಾಕಿ ಕೂರಿಸಬೇಕು. ಗಾರ್ಟ್‌ನಂಥ ನುಣುಪು ಮೈಗೆ ಇದು ಕಠಿಣ ಕೆಲಸ. ಲೋಹದ ಬಣ್ಣ ಕೂದಲೆಳೆಯ ಗೀರನ್ನೂ ಎತ್ತಿ ತೋರಿಸುತ್ತದೆ. ಆ ಗೆರೆ ಅಳಿಸಲು ಸುರಿಯುವ ಶ್ರಮವನ್ನು ಗಮನಿಸಬೇಕು. ಉಡುಪಿನ ಸೀಳು ಕಾಣದಿರಲೆಂದು ಚಿತ್ರತಂಡ ಎರಡು ಉಡುಪು ಹೊಲಿಸಿ ಏನನ್ನು ಸಾಧಿಸಿತೋ, ಮಾದರಿ ಮಾಡುವವರು ಉಪ್ಪುಕಾಗದದಿಂದ ಅದನ್ನೇ ಸಾಧಿಸುತ್ತಿದ್ದಾರೆ. ಅವರು ಉಡುಪನ್ನು ನಕಲು ಮಾಡುತ್ತಿಲ್ಲ, ಉಡುಪು ಯಾವುದನ್ನು ತೋರಿಸಲು ಹುಟ್ಟಿತೋ ಅದನ್ನೇ ಇನ್ನೊಮ್ಮೆ ತೋರಿಸುತ್ತಿದ್ದಾರೆ. ಈ ಹವ್ಯಾಸದ ನಿಷ್ಠೆ ಇರುವುದು ತೆರೆಯ ಮೇಲೆ ಕಂಡ ರೂಪಕ್ಕೆ, ಆ ರೂಪಕ್ಕಾಗಿ ಮಾಡಿದ ವಸ್ತುವಿಗಲ್ಲ ಎಂಬುದೇ ನನ್ನ ವಾದ.

ಪ್ಲೇಟೋ ಇದನ್ನು ಒಪ್ಪಲಾರ. ‘ರಿಪಬ್ಲಿಕ್’ನ ಹತ್ತನೆಯ ಭಾಗದಲ್ಲಿ ಅವನು ಮೂರು ಮಂಚಗಳ ಮಾತಾಡುತ್ತಾನೆ. ಮಂಚದ ತತ್ತ್ವ ಒಂದು, ಬಡಗಿ ಮಾಡಿದ ಮಂಚ ಇನ್ನೊಂದು, ಚಿತ್ರಕಾರ ಬರೆದ ಮಂಚ ಮತ್ತೊಂದು. ಒಂದೊಂದು ಮೆಟ್ಟಿಲು ಇಳಿದಂತೆ ಸತ್ಯ ಕರಗುತ್ತದೆ. ಈ ಲೆಕ್ಕದಲ್ಲಿ ರೆಸಿನ್ ಮಾದರಿ ನಾಲ್ಕನೆಯ ಮೆಟ್ಟಿಲಿಗೂ ಕೆಳಗಿನದು. ಆದರೆ ಸಿನಿಮಾ ರೋಬಾಟ್‌ಗೆ ಬಡಗಿಯ ಮಂಚವೇ ಇಲ್ಲ. ಆ ಜಾಗದಲ್ಲಿರುವ ರಬ್ಬರ್ ಉಡುಪು ತಾನೇ ಒಂದು ಚಿತ್ರ. 1987ರ ‘ರೋಬೋಕಾಪ್’ನ ಇಡಿ-209 ಇದಕ್ಕೆ ಇನ್ನೂ ಒಳ್ಳೆಯ ನಿದರ್ಶನ. ಅದರ ಆಳೆತ್ತರ ಮೀರಿದ ಪ್ರತಿಕೃತಿ ಸೆಟ್‌ನಲ್ಲಿ ನಿಂತಿತ್ತು ನಿಜ, ಆದರೆ ನಡೆದದ್ದು ಅದಲ್ಲ. ನಡೆದದ್ದು, ಫಿಲ್ ಟಿಪೆಟ್ ತಂಡ ಫ್ರೇಮಿನಿಂದ ಫ್ರೇಮಿಗೆ ಕೈಯಿಂದ ಸರಿಸಿ ಚಿತ್ರಿಸಿದ ಪುಟ್ಟ ಬೊಂಬೆ. ಮೇಜಿನ ಮೇಲಿನ ರೆಸಿನ್ ಇಡಿ-209 ಗಾತ್ರದಲ್ಲೂ ಸ್ವಭಾವದಲ್ಲೂ ಆ ದೊಡ್ಡದಕ್ಕಿಂತ ನಡೆದದ್ದಕ್ಕೇ ಹತ್ತಿರ. ಇಲ್ಲಿ ಮೆಟ್ಟಿಲು ಯಾವ ಕಡೆಗೆ ಇಳಿಯುತ್ತದೆ?

ಹಾಗೆಂದು ಪ್ಲೇಟೋನನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅವನ ಮಾತು ಅಕ್ಷರಶಃ ನಿಜವಾಗುವ ಜಾಗವೊಂದು ಈ ಲೋಕದಲ್ಲೇ ಇದೆ: ಕಳ್ಳ ಎರಕ. ಬೇರೊಬ್ಬರ ಕಿಟ್ ಕೊಂಡು, ಅದರಿಂದಲೇ ಅಚ್ಚು ತೆಗೆದು, ಅಗ್ಗವಾಗಿ ಮಾರುವ ದಂಧೆ ಅದು. ರೆಸಿನ್ ಗಟ್ಟಿಯಾಗುವಾಗ ಒಂದಿಷ್ಟು ಕುಗ್ಗುತ್ತದೆ. ಎರಕದಿಂದ ಎರಕ ತೆಗೆದಂತೆಲ್ಲ ರೋಬಾಟ್ ಕಿರಿದಾಗುತ್ತದೆ, ಅಂಚುಗಳು ಮೊಂಡಾಗುತ್ತವೆ, ಹಳೆಯ ಗುಳ್ಳೆಗಳ ಮೇಲೆ ಹೊಸ ಗುಳ್ಳೆಗಳು ಕೂಡುತ್ತವೆ. ವಸ್ತುವಿನಿಂದ ವಸ್ತುವಿಗೆ ಹೋಗುವ ನಕಲು ಪ್ರತಿ ಸಲವೂ ಕಳೆದುಕೊಳ್ಳಲೇಬೇಕು. ಮತ್ತೆ ಚಿತ್ರದ ಮುಂದೆ ಕೂತು ಹೊಸದಾಗಿ ಕಡೆಯುವ ಶಿಲ್ಪಿಗೆ ಈ ಶಾಪವಿಲ್ಲ. ಐವತ್ತು ವರ್ಷದ ಹಿಂದಿನ ಮಾದರಿಗಿಂತ ಅವನದು ಹೆಚ್ಚು ಸರಿಯಾಗಿರಬಹುದು. ಕಳ್ಳ ಎರಕ ಅಪರಾಧವೆನಿಸುವುದಕ್ಕೆ ಹಣದ ನಷ್ಟ ಒಂದು ಕಾರಣ. ನೋಡುವ ಶ್ರಮವನ್ನೇ ಅದು ಕದಿಯುತ್ತದೆ ಎಂಬುದು ನನಗೆ ಇನ್ನೂ ದೊಡ್ಡ ಕಾರಣವಾಗಿ ಕಾಣುತ್ತದೆ.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ಅದನ್ನು ಎತ್ತಿದವರು ನಮ್ಮ ಅಲಂಕಾರಶಾಸ್ತ್ರದವರು. ರಂಗದ ಮೇಲಿನ ನಟನನ್ನು ರಾಮನೆಂದು ಕಾಣುವುದು ಎಂಥ ಅರಿವು ಎಂದು ಕೇಳಿಕೊಂಡ ಶಂಕುಕ, ಚಿತ್ರದ ಕುದುರೆಯನ್ನು ಕುದುರೆಯೆನ್ನುವಂತೆ ಎಂದ. ಅದು ನಿಜವಲ್ಲ, ಸುಳ್ಳಲ್ಲ, ಸಂಶಯವಲ್ಲ, ಬರಿಯ ಹೋಲಿಕೆಯೂ ಅಲ್ಲ. ಇದಕ್ಕೆ ಅಭಿನವಗುಪ್ತನ ಗುರು ಭಟ್ಟತೌತನ ಪ್ರಶ್ನೆ ನೇರವಾಗಿತ್ತು: ರಾಮನ ಭಾವವನ್ನು ಕಂಡವರೇ ಇಲ್ಲದಿರುವಾಗ ಇದು ಅದರ ಅನುಕರಣೆ ಎಂದು ಹೇಳುವುದು ಹೇಗೆ? ರೋಬಾಟ್‌ಗೂ ಈ ಪ್ರಶ್ನೆ ಸಲ್ಲುತ್ತದೆ. ಮೂಲವೇ ಇಲ್ಲವೆಂದ ಮೇಲೆ ಅವರವರು ಮಾಡಿದ್ದೇ ಸರಿ, ನಿಷ್ಠೆಯೆಂಬುದು ಬರಿಯ ಹಠ ಎನ್ನಬಹುದು. ಈ ತೀರ್ಮಾನವನ್ನು ನಾನು ಒಪ್ಪಲಾರೆ. ತಪ್ಪು ಸಾಧ್ಯವಿರುವಲ್ಲಿ ಅಳತೆಗೋಲೂ ಇರಲೇಬೇಕು, ಇಲ್ಲಿ ತಪ್ಪು ಸಾಧ್ಯ. ಮುಖದ ಪಟ್ಟಿ ತುಸು ಅಗಲವಾದರೆ ಬಲ್ಲವರು ಇದು ಗಾರ್ಟ್ ಅಲ್ಲವೆನ್ನುತ್ತಾರೆ, ಮತ್ತು ಅವರ ಮಾತು ಸರಿಯಾಗಿರುತ್ತದೆ. ರಾಮನನ್ನು ಯಾರೂ ಕಂಡಿಲ್ಲದಿರಬಹುದು. ಗಾರ್ಟ್‌ನನ್ನು ನೋಡಿದವರೆಲ್ಲ ಅದೇ 92 ನಿಮಿಷಗಳಲ್ಲಿ ನೋಡಿದ್ದಾರೆ. ಇನ್ನು, ಎದುರಿಗೆ ಮೂಲವಿಲ್ಲದೆ ನಿಖರವಾಗಿ ಕಡೆಯುವುದು ಕರ್ನಾಟಕಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದ ಸೋಮನಾಥಪುರದ ದೇವಾಲಯದಲ್ಲಿ ಹೆಸರು ಕೊರೆದ ರೂವಾರಿ ಮಲ್ಲಿತಮ್ಮನ ಎದುರು ಯಾವ ವಿಷ್ಣುವೂ ಬಂದು ನಿಂತಿರಲಿಲ್ಲ. ಆದರೂ ಯಾವ ಕೈಯಲ್ಲಿ ಶಂಖ, ಯಾವುದರಲ್ಲಿ ಚಕ್ರ ಎಂಬುದು ಅವನ ಇಷ್ಟಕ್ಕೆ ಬಿಟ್ಟದ್ದಲ್ಲ. ಅದು ಬದಲಾದರೆ ಮೂರ್ತಿಯ ಹೆಸರೇ ಬದಲಾಗುತ್ತದೆ. ದೇವರ ಮೂರ್ತಿಗೂ ಮೇಜಿನ ರೋಬಾಟ್‌ಗೂ ಅಂತರ ಅಪಾರ. ಒಂದಕ್ಕೆ ಪ್ರಾಣಪ್ರತಿಷ್ಠೆಯಾಗುತ್ತದೆ, ಜನ ಅದರ ಮುಂದೆ ನಿಂತು ಬೇಡುತ್ತಾರೆ. ಇನ್ನೊಂದರಲ್ಲಿ ಅಂಥದ್ದೇನೂ ಇಲ್ಲ, ಇರಬೇಕೆಂದು ಯಾರೂ ಬಯಸುವುದೂ ಇಲ್ಲ. ಇವೆರಡನ್ನು ಬೆರೆಸುವುದು ಭಕ್ತಿಗೂ ಹವ್ಯಾಸಕ್ಕೂ ಮಾಡುವ ಅನ್ಯಾಯ. ಕೂಡಿಬರುವುದು ಒಂದೇ ಅಂಶ: ಕಾಣಬೇಕಾದ ರೂಪ ಕಲ್ಲಿಗೂ ರೆಸಿನ್‌ಗೂ ಹೊರಗಿದೆ, ಆದರೂ ಕೈಗೆ ಅದರ ಕಟ್ಟಳೆ ಇದೆ.

ಕಿಟ್ಟನ್ನು ತಮಗೆ ಬೇಕಾದಂತೆ ಮಾರ್ಪಡಿಸುವುದನ್ನೂ ಈ ಕಟ್ಟಳೆಯಿಂದಲೇ ತೂಗಬಹುದು. ‘ಸ್ಟಾರ್ ವಾರ್ಸ್’ ರೋಬಾಟ್‌ಗೆ ಧೂಳು, ಎಣ್ಣೆಯ ಕಲೆ, ತರಚಿದ ಬಣ್ಣ ಹಚ್ಚುವುದು ಸರಿ, ಏಕೆಂದರೆ ಆ ಚಿತ್ರದ ಲೋಕವೇ ಬಳಸಿ ಸವೆದ ಲೋಕ. ಗಾರ್ಟ್‌ಗೆ ತುಕ್ಕು ಹಚ್ಚುವುದು ತಪ್ಪು. ಸೈನ್ಯ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಹೂತಿಟ್ಟರೂ ಕರಗಿಸಿ ಹೊರಬರುವ ಜೀವಿಯ ಮೇಲೆ ಗೀರು ಮೂಡಿಸಿದರೆ ಕತೆಯೇ ಸುಳ್ಳಾಗುತ್ತದೆ, ಕುಸುರಿ ಎಷ್ಟೇ ಚೆನ್ನಾಗಿರಲಿ. ಗದ್ದದ ತೂತುಗಳನ್ನೂ ಕೊರೆಯಬಾರದು ಎಂದೇ ನನ್ನ ಅಭಿಪ್ರಾಯ. ತೆರೆಯ ಮೇಲೆ ಕಂಡದ್ದೇ ಅಳತೆಯಾದರೆ ಅವೂ ಕಂಡಿವೆಯಲ್ಲ ಎಂದು ಕೇಳಬಹುದು. ಕಂಡಿವೆ, ಆದರೆ ಗಾರ್ಟ್‌ನ ಅಂಗವಾಗಿ ಅಲ್ಲ. ಅವು ಲಾಕ್ ಮಾರ್ಟಿನ್‌ನವು. ಆ ನಟನ ಕಷ್ಟವನ್ನು ನೆನೆಯಬೇಕೆಂದು ಕೊರೆಯುವವರು ಉಡುಪಿನ ಮಾದರಿ ಮಾಡಿದ್ದಾರೆ. ಅದು ಗೌರವದ ಕೆಲಸ, ಆದರೆ ಬೇರೆ ಕೆಲಸ.

ಎಲ್ಲ ತೊಡಕೂ ಇಷ್ಟು ಸುಲಭವಾಗಿ ಬಿಡುವುದಿಲ್ಲ. ಫ್ರಿಟ್ಜ್ ಲ್ಯಾಂಗ್‌ನ 1927ರ ‘ಮೆಟ್ರೊಪೊಲಿಸ್’ನ ಯಂತ್ರಮಾನವಿಯನ್ನು ನೋಡಿ. ನಟಿ ಬ್ರಿಗಿಟ್ಟೆ ಹೆಲ್ಮ್‌ಳ ಮೈಯಳತೆಯ ಅಚ್ಚಿನ ಮೇಲೆ, ಗಾಳಿಗೆ ಗಟ್ಟಿಯಾಗುವ ಮರದ ಹಿಟ್ಟಿನಂಥ ವಸ್ತುವಿನಿಂದ ಶಿಲ್ಪಿ ವಾಲ್ಟರ್ ಶುಲ್ಟ್ಸೆ-ಮಿಟೆನ್‌ಡಾರ್ಫ್ ಅದನ್ನು ರೂಪಿಸಿ ಬೆಳ್ಳಿ ಹೊಳಪಿನ ಲೇಪ ಕೊಟ್ಟ. ಆ ಉಡುಪು ಉಳಿದಿಲ್ಲ. ಚಿತ್ರವೋ ಕಪ್ಪುಬಿಳುಪು. ಇಂದು ಆ ಕಿಟ್‌ಗೆ ಕೆಲವರು ಬೆಳ್ಳಿ ಬಳಿಯುತ್ತಾರೆ, ಕೆಲವರು ಕಂಚು ಅಥವಾ ಚಿನ್ನ. ತೆರೆಯ ಮೇಲಿದ್ದಂತೆ ಬೂದು ಛಾಯೆಗಳಲ್ಲೇ ಬಳಿದರೆ ನನ್ನ ವಾದಕ್ಕೆ ಅದೇ ಅತ್ಯಂತ ನಿಷ್ಠವೆನಿಸಬೇಕಿತ್ತು. ಆದರೆ 1927ರಲ್ಲಿ ನೋಡಿದವರು ಬೂದು ಬಣ್ಣದ ಯಂತ್ರವನ್ನು ಕಾಣಲಿಲ್ಲ; ಬೂದು ಬೆಳಕಿನಲ್ಲಿ ಹೊಳೆವ ಲೋಹವನ್ನು ಕಂಡರು. ಯಾವ ಲೋಹ ಎಂದು ಆ ಬೆಳಕು ಹೇಳಲಿಲ್ಲ. ಅದು ಹೇಳದೆ ಬಿಟ್ಟಷ್ಟು ಜಾಗ ಕುಂಚ ಹಿಡಿದವರಿಗೆ ಸೇರಿದ್ದು. ಅಲ್ಲಿ ಚಿನ್ನವೂ ತಪ್ಪಲ್ಲ, ಬೆಳ್ಳಿಯೂ ತಪ್ಪಲ್ಲ, ಹೊಳಪು ಮಾತ್ರ ಇರಬೇಕು.