ಅಂಕಿಯೋ, ತಾಯಿಯ ಮಾತೋ?

ಗರ್ಭಿಣಿಯೊಬ್ಬಳು ತನಗೇಕೋ ಸರಿಯಿಲ್ಲವೆಂದು ಹೇಳುತ್ತಾಳೆ. ಆಕೆಯ ಕೈಯಲ್ಲಿರುವ ಡಿಜಿಟಲ್ ಗಡಿಯಾರ ಎಲ್ಲವೂ ಸರಿಯಾಗಿದೆಯೆಂದು ತೋರಿಸುತ್ತದೆ. ಮನೆಯವರು ಯಾವುದನ್ನು ನಂಬಬೇಕು? ಇದು ವಿಜ್ಞಾನದ ಪ್ರಶ್ನೆ ಮಾತ್ರವಲ್ಲ, ನೈತಿಕ ಪ್ರಶ್ನೆಯೂ ಹೌದು.

ಇಂದು ಕೈಗಡಿಯಾರ, ಉಂಗುರಗಳ ರೂಪದ ಉಪಕರಣಗಳು ನಾಡಿಬಡಿತ, ನಿದ್ರೆ, ದೇಹದ ಉಷ್ಣತೆಗಳನ್ನು ದಾಖಲಿಸುತ್ತವೆ. ಮಗುವನ್ನು ಬಯಸುವ ದಂಪತಿಗಳಿಗೆ ಇವುಗಳಿಂದ ಉಪಕಾರವುಂಟು. ಅಂಡ ಬಿಡುಗಡೆಯಾದ ಬಳಿಕ ಸ್ತ್ರೀಯ ದೇಹದ ಉಷ್ಣತೆ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಹಿಂದೆ ಮುಂಜಾನೆ ಹಾಸಿಗೆಯಿಂದ ಏಳುವ ಮುನ್ನವೇ ಥರ್ಮಾಮೀಟರಿನಲ್ಲಿ ಅಳೆದು ಕಾಗದದಲ್ಲಿ ಬರೆದಿಡುತ್ತಿದ್ದ ಇದನ್ನು ಈಗ ಉಪಕರಣವು ನಿದ್ರೆಯಲ್ಲೇ ಅಳೆಯುತ್ತದೆ. 2022ರಲ್ಲಿ ಆಪಲ್ ಸಂಸ್ಥೆಯ ಕೈಗಡಿಯಾರಕ್ಕೂ ಈ ಸೌಲಭ್ಯ ಬಂದಿತು. ಆದರೆ ಉಷ್ಣತೆ ಏರುವುದು ಅಂಡ ಬಿಡುಗಡೆಯಾದ ಮೇಲೆ ಎಂಬುದನ್ನು ಮರೆಯಬಾರದು. ಉಷ್ಣತೆಯ ಅಂಕಿ ತಿಳಿಸುವುದು ನಡೆದುಹೋದುದನ್ನು. ಮುಂದಿನ ತಿಂಗಳ ಕುರಿತು ಅದರಿಂದ ದೊರೆಯುವುದು ಅಂದಾಜು. ಅಂದಾಜನ್ನೇ ಭರವಸೆಯೆಂದು ಭಾವಿಸಿದ ಮನೆಯಲ್ಲಿ, ಗರ್ಭ ನಿಲ್ಲದಿದ್ದಾಗ ತಪ್ಪಿನ ಹೊರೆ ಬೀಳುವುದು ಹೆಚ್ಚಾಗಿ ಹೆಣ್ಣಿನ ಮೇಲೆಯೇ ಅಲ್ಲವೇ?

ಗರ್ಭ ನಿಂತ ಮೇಲೆಯೂ ಅಂಕಿಗಳನ್ನು ವಿವೇಕದಿಂದ ಓದಬೇಕು. ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತ ನಿಮಿಷಕ್ಕೆ 10ರಿಂದ 20ರಷ್ಟು ಹೆಚ್ಚುವುದು ಗರ್ಭಿಣಿಯರಲ್ಲಿ ಸಾಮಾನ್ಯ. ಅದನ್ನರಿಯದವರು ವೃಥಾ ಗಾಬರಿಯಾಗುತ್ತಾರೆ. ಇದಕ್ಕೆ ವಿರುದ್ಧವಾದ ಅಪಾಯ ಇನ್ನೂ ದೊಡ್ಡದು. ಸಾಮಾನ್ಯವಾಗಿ 20 ವಾರಗಳ ನಂತರ ರಕ್ತದೊತ್ತಡ ಏರಿ ತಾಯಿ, ಮಗು ಇಬ್ಬರಿಗೂ ಕಂಟಕವಾಗುವ ಪ್ರಿಎಕ್ಲಾಂಪ್ಸಿಯಾ ಎಂಬ ಸ್ಥಿತಿಯುಂಟು. ತೀವ್ರ ತಲೆನೋವು, ಮಂಜಾಗುವ ಕಣ್ಣು, ಹೊಟ್ಟೆಯ ಮೇಲ್ಭಾಗದ ನೋವು ಅದರ ಸೂಚನೆಗಳು. ಈ ನೋವನ್ನಾಗಲಿ, ಮಗುವಿನ ಅಲುಗಾಟ ಕಡಿಮೆಯಾದುದನ್ನಾಗಲಿ ಮೊದಲು ಅರಿಯುವವಳು ತಾಯಿ. ಆಗ ಗಡಿಯಾರವನ್ನು ನೋಡುತ್ತ ಕೂರದೆ ಆಕೆಯನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಉಪಕರಣದ ಮೌನ ಕ್ಷೇಮದ ಸಾಕ್ಷಿಯಲ್ಲ.

ಇನ್ನು, ಈ ದಾಖಲೆ ಯಾರಿಗೆ ಸೇರಿದ್ದು? ಹಿಂದಿನ ಕಾಗದ ಮನೆಯ ಪೆಟ್ಟಿಗೆಯಲ್ಲಿರುತ್ತಿತ್ತು. ಇಂದಿನ ದಾಖಲೆ ಬಹುಮಟ್ಟಿಗೆ ದೂರದ ಕಂಪ್ಯೂಟರುಗಳನ್ನು ಸೇರುತ್ತದೆ. ಋತುಚಕ್ರ, ಗರ್ಭಧಾರಣೆಗಳ ವಿವರ ದಾಖಲಿಸುವ ಫ್ಲೋ ಎಂಬ ಆ್ಯಪ್, ಸ್ತ್ರೀಯರ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮುಂತಾದವುಗಳಿಗೆ ನೀಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2021ರಲ್ಲಾದ ಒಪ್ಪಂದದಂತೆ, ಇಂಥ ಮಾಹಿತಿಯನ್ನು ಹಂಚುವ ಮುನ್ನ ಬಳಕೆದಾರರ ಸಮ್ಮತಿ ಪಡೆಯುವುದು ಅದಕ್ಕೆ ಕಡ್ಡಾಯವಾಯಿತು.

ಕಂಪನಿಯಿಂದ ನಾವು ನಿರೀಕ್ಷಿಸುವ ಈ ಮರ್ಯಾದೆ ಮನೆಯೊಳಗೂ ಇರಬೇಡವೇ? ಸೊಸೆ ಎಷ್ಟು ಹೊತ್ತು ಮಲಗಿದಳು, ಎಷ್ಟು ಹೆಜ್ಜೆ ನಡೆದಳು ಎಂದು ಆಕೆಯ ಅನುಮತಿಯಿಲ್ಲದೆ ಫೋನಿನಲ್ಲಿ ನೋಡಿ ಲೆಕ್ಕ ಕೇಳಿದರೆ ಅದು ಆರೈಕೆಯಲ್ಲ, ಕಾವಲು. ಕಾವಲಿಗೆ ಅಂಜಿದವಳು ನಿಜವಾದ ನೋವನ್ನೂ ಬಚ್ಚಿಡುವಳು.

ಆದುದರಿಂದ ಉಪಕರಣವನ್ನು ತೊರೆಯಬೇಕಾಗಿಲ್ಲ. ಅದರ ದಾಖಲೆಯನ್ನು ಆಕೆ ಇಚ್ಛಿಸಿದರೆ ವೈದ್ಯರ ಮುಂದಿಡಲಿ. ತಾಯಿ ಕಾರ್ಡಿನ ತಪಾಸಣೆಗಳು ತಪ್ಪದಿರಲಿ. ಆದರೆ ಅಂಕಿಯನ್ನು ನೋಡುವ ಮೊದಲು ಆಕೆಯನ್ನೇ "ಹೇಗಿದ್ದೀಯಮ್ಮಾ?" ಎಂದು ಕೇಳೋಣ; ಆಕೆ ಕೊಡುವ ಉತ್ತರವನ್ನು ನಂಬೋಣ.