ಏನೂ ನಡೆಯದ ರಾತ್ರಿಗಳ ಲೆಕ್ಕ

2024ರ ಬೇಸಿಗೆಯಿಂದ ಜಗತ್ತಿನ ಹವ್ಯಾಸಿ ಖಗೋಳ ವೀಕ್ಷಕರು ಆಕಾಶದ ಒಂದೇ ಮೂಲೆಗೆ ಕಣ್ಣು ನೆಟ್ಟು ಕೂತರು. ಸ್ವಾತಿ ಮತ್ತು ಅಭಿಜಿತ್ ನಕ್ಷತ್ರಗಳ ನಡುವೆ, ಸಹದೇವ ಪುಂಜದ ಮಗ್ಗುಲಲ್ಲೇ ಅರ್ಧವೃತ್ತವಾಗಿ ಜೋಡಿಸಿಟ್ಟಂತೆ ಕೆಲವು ಮಂದ ಚುಕ್ಕಿಗಳಿವೆ. ಹೆಸರು ಉತ್ತರ ಕಿರೀಟ. ಅದರ ಅಂಚಿನಲ್ಲಿ ಬರಿಗಣ್ಣಿಗೆ ಕಾಣದ ಒಂದು ನಕ್ಷತ್ರ, ಟಿ ಕರೋನೆ ಬೋರಿಯಾಲಿಸ್. ನಿಜಕ್ಕೂ ಅದು ಜೋಡಿ: ಒಂದು ಕೆಂಪುದೈತ್ಯ, ಅದನ್ನು ಸುತ್ತುತ್ತ ಅದರ ಮೈಮೇಲಿನ ಅನಿಲವನ್ನು ಎಳೆದುಕೊಳ್ಳುವ ಒಂದು ಶ್ವೇತಕುಬ್ಜ. ಎಳೆದುಕೊಂಡ ಹೈಡ್ರೋಜನ್ ಪದರ ಪದರವಾಗಿ ಸೇರಿ, ಒತ್ತಡ ತಾಳದೆ ಹೋದಾಗ ಪರಮಾಣು ಬಾಂಬಿನಂತೆ ಸಿಡಿಯುತ್ತದೆ. ಆಗ ದುರ್ಬೀನಿಗೂ ಕಷ್ಟಪಟ್ಟು ಸಿಗುತ್ತಿದ್ದ ಚುಕ್ಕಿ ಕೆಲವೇ ಗಂಟೆಗಳಲ್ಲಿ ಧ್ರುವ ನಕ್ಷತ್ರದಷ್ಟು ಬೆಳಗಿ, ವಾರದೊಳಗೆ ಮತ್ತೆ ಬರಿಗಣ್ಣಿನಿಂದ ಮರೆಯಾಗುತ್ತದೆ. 1866ರಲ್ಲಿ ಹೀಗಾಯಿತು. 1946ರಲ್ಲಿ ಮತ್ತೆ ಆಯಿತು. ಎಂಬತ್ತು ವರ್ಷಕ್ಕೊಮ್ಮೆ ಬರುವ ಈ ಸರದಿ 2024ರ ಸೆಪ್ಟೆಂಬರ್ ಒಳಗೇ ಬಂದೀತು ಎಂದು ನಾಸಾ ಹೇಳಿತು, ಪತ್ರಿಕೆಗಳೂ ಬರೆದವು.

ಸೆಪ್ಟೆಂಬರ್ ಕಳೆಯಿತು. ವರ್ಷವೂ ಮುಗಿಯಿತು. ನಕ್ಷತ್ರ ಜಪ್ಪಯ್ಯ ಅನ್ನಲಿಲ್ಲ.

ಪತ್ರಿಕೆಗಳು ಅದನ್ನು ಮರೆತವು. ಅವುಗಳಿಗೆ ಬೇಕಾದದ್ದು ಸ್ಫೋಟ. ಆದರೆ ಆ ವರ್ಷವೆಲ್ಲ ಯಾವುದೋ ಊರಿನ ತಾರಸಿಯಿಂದ, ಹಿತ್ತಿಲಿನಿಂದ, ಕಾರಿನ ಬಾನೆಟ್ ಮೇಲೆ ಒರಗಿಕೊಂಡು ಜನ ನೋಡಿದರು, ನೋಡಿದ್ದನ್ನು ಬರೆದು ಕಳಿಸಿದರು. ಕಾಂತಿಮಾನ, ಅಂದರೆ ಬೆಳಕಿನ ಅಳತೆ, ಹತ್ತರ ಆಸುಪಾಸು, ವಿಶೇಷವೇನಿಲ್ಲ. ಮರುದಿನವೂ ಅದೇ. ಅದರ ಮರುದಿನ ಮೋಡ. ನನಗೆ ಕುತೂಹಲವಿರುವುದು ಈ ವಿಶೇಷವೇನಿಲ್ಲದ ವರದಿಗಳ ಮೇಲೆ. ಹವ್ಯಾಸಿಗಳು ಖಗೋಳ ವಿಜ್ಞಾನಕ್ಕೆ ಕೊಟ್ಟದ್ದರಲ್ಲಿ ತೂಕವಿರುವ ಪಾಲು ಇಂಥವೇ ಎಂದು ನಾನು ಭಾವಿಸಿದ್ದೇನೆ. ಹೊಸ ಧೂಮಕೇತು ಕಂಡವರ ಹೆಸರು ಧೂಮಕೇತುವಿಗೇ ಅಂಟಿಕೊಳ್ಳುತ್ತದೆ. ಏನೂ ಕಾಣಲಿಲ್ಲ ಎಂದು ಬರೆದವನ ಹೆಸರು ಒಂದು ಪಟ್ಟಿಯ ಸಾಲಿನಲ್ಲಿ ಉಳಿಯುತ್ತದೆ, ಅಷ್ಟೆ.

ಹೀಗೆ ಕಾದವರಲ್ಲೊಬ್ಬ ಅಮೆರಿಕದ ಒಹಾಯೋ ರಾಜ್ಯದ ಲೆಸ್ಲಿ ಪೆಲ್ಟಿಯರ್, ರೈತ ಕುಟುಂಬದ ಹುಡುಗ. ಸ್ಟ್ರಾಬೆರಿ ಕಿತ್ತು ಕೂಡಿಸಿದ 18 ಡಾಲರಿನಲ್ಲಿ ಮೊದಲ ದೂರದರ್ಶಕ ಕೊಂಡ. ಮುಂದೆ ಬದುಕಿಡೀ ಬೆಳಕು ಏರಿಳಿಯುವ ನಕ್ಷತ್ರಗಳನ್ನು ನೋಡಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ದಾಖಲಿಸಿದ. ಈ ಉತ್ತರ ಕಿರೀಟದ ನಕ್ಷತ್ರವನ್ನಂತೂ ಕಾಲು ಶತಮಾನ ಕಾದ. 1946ರ ಫೆಬ್ರುವರಿಯ ಒಂದು ರಾತ್ರಿ ಎರಡೂವರೆಗೆ ಅಲಾರಾಂ ಹೊಡೆಯಿತು. ಆಕಾಶ ಶುಭ್ರವಾಗಿತ್ತು, ಆದರೆ ಗಂಟಲು ಕೆರೆಯುತ್ತಿತ್ತು, ನೆಗಡಿಯ ಸೂಚನೆ. ಹೊರಗೆ ಕೊರೆವ ಚಳಿ. ಇವತ್ತೊಂದು ದಿನ ಬೇಡ ಅಂತ ಮತ್ತೆ ಹೊದ್ದು ಮಲಗಿದ. ನಕ್ಷತ್ರ ಸಿಡಿದಿದ್ದು ಅದೇ ರಾತ್ರಿ. ಅದನ್ನು ಕಂಡವರಲ್ಲಿ ವೇಲ್ಸ್‌ನ 15 ವರ್ಷದ ಒಬ್ಬ ಶಾಲಾ ಹುಡುಗನೂ ಇದ್ದ; ಮಲಗುವ ಕೋಣೆಯ ಕಿಟಕಿಯಾಚೆ ನೋಡಿದ, ಕಂಡಿತು. ಇದಕ್ಕೆ ನ್ಯಾಯ ಎನ್ನುತ್ತೀರೋ ಅನ್ಯಾಯ ಎನ್ನುತ್ತೀರೋ, ಪೆಲ್ಟಿಯರ್ ಮಾತ್ರ ಈ ಕತೆಯನ್ನು ತಾನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡ, ಆ ನಕ್ಷತ್ರದ ಮೇಲಿನ ಮುನಿಸು ಸಮೇತ.

ಪೆಲ್ಟಿಯರನ ಕಾಲದಲ್ಲೇ ನಮ್ಮ ಕಡೆ ಇನ್ನೊಬ್ಬರಿದ್ದರು. ನಮ್ಮ ಶಾಲಾ ಪುಸ್ತಕಗಳಲ್ಲಿ ಇವರ ಹೆಸರು ಏಕಿಲ್ಲವೋ ನನಗೆ ಅರ್ಥವಾಗಿಲ್ಲ. ರಾಧಾಗೋಬಿಂದ ಚಂದ್ರ. 1878ರಲ್ಲಿ ಅಂದಿನ ಬಂಗಾಳದ ಜೆಸ್ಸೋರಿನ ಬಳಿಯ ಹಳ್ಳಿಯಲ್ಲಿ ಹುಟ್ಟಿದರು. ಕಾಲೇಜಿನ ಮೆಟ್ಟಿಲು ಹತ್ತಲು ಬೇಕಾದ ಪ್ರವೇಶ ಪರೀಕ್ಷೆ ಮತ್ತೆ ಮತ್ತೆ ಕೈಕೊಟ್ಟಿತು. ಜೆಸ್ಸೋರಿನ ಸರ್ಕಾರಿ ಖಜಾನೆಯಲ್ಲಿ ಸಣ್ಣ ಸಂಬಳದ ನೌಕರಿ ಸಿಕ್ಕಿತು. ಹಗಲೆಲ್ಲ ಸರ್ಕಾರದ ದುಡ್ಡು ಎಣಿಸುವುದು, ರಾತ್ರಿ ನಕ್ಷತ್ರ. ಅದೇ ಊರಿನ ವಕೀಲರೊಬ್ಬರು ನಕ್ಷತ್ರಪಟ ರಚಿಸುತ್ತಿದ್ದರು. ಅವರ ಜೊತೆಗಿದ್ದು ಆಕಾಶ ಓದಲು ಕಲಿತರು. 1910ರಲ್ಲಿ ಹ್ಯಾಲಿ ಧೂಮಕೇತುವನ್ನು ಬೈನಾಕ್ಯುಲರಿನಲ್ಲೇ ನೋಡಿ ಟಿಪ್ಪಣಿ ಮಾಡಿದರು. ಎರಡು ವರ್ಷದ ನಂತರ ಇಂಗ್ಲೆಂಡಿನಿಂದ ಮೂರು ಇಂಚಿನ ದೂರದರ್ಶಕ ತರಿಸಿಕೊಂಡರು. ಗುಮಾಸ್ತಿಕೆಯ ಆದಾಯದಲ್ಲಿ ಅದೇನೂ ಸಣ್ಣ ಖರ್ಚಲ್ಲ.

1918ರ ಜೂನ್‌ನಲ್ಲಿ ಗರುಡ ಪುಂಜದಲ್ಲಿ ಅದುವರೆಗೆ ಇಲ್ಲದ ಒಂದು ಉಜ್ವಲ ನಕ್ಷತ್ರ ಚಂದ್ರರ ಕಣ್ಣಿಗೆ ಬಿತ್ತು. ಯೂರೋಪಿನವರೂ ಅದನ್ನು ಸ್ವತಂತ್ರವಾಗಿ ಅದೇ ಹೊತ್ತಿಗೆ ಕಂಡರು. ಹೀಗೆ ದಿಢೀರನೆ ಸಿಡಿದು ಬೆಳಗುವ ನಕ್ಷತ್ರಕ್ಕೆ ನೋವಾ ಎನ್ನುತ್ತಾರೆ; 20ನೆಯ ಶತಮಾನದ ಅತ್ಯಂತ ಪ್ರಕಾಶಮಾನ ನೋವಾ ಅದು. ಚಂದ್ರರ ವರದಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಹೋಯಿತು. ಅಲ್ಲಿಂದ ಚರನಕ್ಷತ್ರ ವೀಕ್ಷಕರ ಅಮೆರಿಕನ್ ಸಂಘದ ಪರಿಚಯ. 1911ರಲ್ಲಿ ಶುರುವಾದ ಈ ಸಂಘದ ಯೋಚನೆ ಸರಳ: ಬೆಳಕು ಏರಿಳಿಯುವ ಈ ಚರನಕ್ಷತ್ರಗಳು ಸಾವಿರಾರು, ವೃತ್ತಿಪರ ವಿಜ್ಞಾನಿಗಳು ಬೆರಳೆಣಿಕೆ, ಆದ್ದರಿಂದ ಊರೂರಿನ ಹವ್ಯಾಸಿಗಳು ನೋಡಲಿ. ಭೂಮಿಯ ಈ ಮಗ್ಗುಲಲ್ಲಿ ಕೂತ ಚಂದ್ರರಂಥವರು ಅವರಿಗೆ ಬೇಕೇ ಬೇಕಿತ್ತು. ಅಮೆರಿಕದಲ್ಲಿ ಹಗಲಾದಾಗ ಜೆಸ್ಸೋರಿನಲ್ಲಿ ರಾತ್ರಿ ತಾನೆ.

ಮುಂದಿನ ಮೂವತ್ತೈದು ವರ್ಷ ಅವರು ಕಳಿಸಿದ ವೀಕ್ಷಣೆಗಳು 37 ಸಾವಿರಕ್ಕೂ ಮೇಲೆ. ಮೂರಿಂಚಿನ ದುರ್ಬೀನಿನಲ್ಲಿ ಈತ ಇಷ್ಟು ಮಾಡುತ್ತಿದ್ದಾನೆಂದು ತಿಳಿದು, ಚಾರ್ಲ್ಸ್ ಎಲ್ಮರ್ ಎಂಬ ಇನ್ನೊಬ್ಬ ಹವ್ಯಾಸಿಯದಾಗಿದ್ದ ಆರು ಇಂಚಿಗೂ ತುಸು ದೊಡ್ಡ ದೂರದರ್ಶಕವನ್ನು ಸಂಘ 1926ರಲ್ಲಿ ಹಡಗಿನಲ್ಲಿ ಕಳಿಸಿಕೊಟ್ಟಿತು. ಎರಡು ವರ್ಷದಲ್ಲಿ ಫ್ರೆಂಚ್ ಸರ್ಕಾರವೂ ಚಂದ್ರರನ್ನು ಗೌರವಿಸಿತು. ದೇಶ ಇಬ್ಭಾಗವಾದಾಗ ಜೆಸ್ಸೋರ್ ಪೂರ್ವ ಪಾಕಿಸ್ತಾನದ ಪಾಲಾಯಿತು. ಕೊನೆಗಾಲವನ್ನು ಚಂದ್ರ ಪಶ್ಚಿಮ ಬಂಗಾಳದ ಬಾರಾಸಾತ್‌ನಲ್ಲಿ ಕಳೆದು, 1975ರಲ್ಲಿ ತೀರಿಕೊಂಡರು.

ಆ ದೂರದರ್ಶಕದ ಕತೆ ಅಲ್ಲಿಗೇ ಮುಗಿಯಲಿಲ್ಲ. ಚಂದ್ರರಿಗೆ ವಯಸ್ಸಾದ ಮೇಲೆ ಅದು ವೇಣು ಬಾಪು ಅವರ ಕೈಸೇರಿತು, ಕೊನೆಗೆ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರು ವೀಕ್ಷಣಾಲಯ ಮುಟ್ಟಿತು. ಬಾಪು ಎಂದರೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು. ಸ್ವತಃ ಅವರೂ ಹವ್ಯಾಸಿಯಾಗಿಯೇ ಶುರುಮಾಡಿದವರು. ಹೈದರಾಬಾದಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಚರನಕ್ಷತ್ರಗಳ ಮೇಲೆ ಪ್ರಬಂಧ ಪ್ರಕಟಿಸಿದ್ದರು. ಖಜಾನೆ ನೌಕರನ ದುರ್ಬೀನು ದೇಶದ ದೊಡ್ಡ ವೀಕ್ಷಣಾಲಯ ಸೇರಿದ್ದನ್ನು ಯಾರೂ ವಿಚಿತ್ರವೆಂದುಕೊಂಡಂತಿಲ್ಲ.

ಈ ವೀಕ್ಷಣೆ ಅಂದರೆ ಏನು ಮಾಡುತ್ತಾರೆ? ನಕ್ಷತ್ರದ ಆಸುಪಾಸಿನ ಆಕಾಶದ ನಕ್ಷೆಯೊಂದು ಕೈಯಲ್ಲಿರುತ್ತದೆ. ಅದರಲ್ಲಿ ಬೆಳಕು ಬದಲಾಗದ ಕೆಲವು ನಕ್ಷತ್ರಗಳ ಪಕ್ಕ ಅಂಕಿ ಬರೆದಿರುತ್ತದೆ. 9.7 ಎಂಬುದನ್ನು 97 ಎಂದಷ್ಟೇ ಬರೆಯುವುದು ರೂಢಿ. ದಶಮಾಂಶದ ಚುಕ್ಕಿ ಹಾಕಿದರೆ ಅದನ್ನೂ ಒಂದು ನಕ್ಷತ್ರ ಅಂದುಕೊಂಡಾರು! ತನ್ನ ನಕ್ಷತ್ರಕ್ಕಿಂತ ತುಸು ಪ್ರಕಾಶಮಾನವಾದದ್ದೊಂದು, ತುಸು ಮಸುಕಾದದ್ದೊಂದು ಆರಿಸಿಕೊಂಡು, ಎರಡರ ನಡುವೆ ತನ್ನದು ಎಲ್ಲಿ ನಿಲ್ಲುತ್ತದೆ ಎಂದು ಅಂದಾಜಿಸಬೇಕು. ಮಸುಕಾದುದನ್ನು ನೇರ ನೋಡಬಾರದು, ಓರೆಗಣ್ಣಲ್ಲಿ ನೋಡಬೇಕು. ಕತ್ತಲಲ್ಲಿ ಕೆಲಸ ಮಾಡುವ ಜೀವಕೋಶಗಳು ಕಣ್ಣಿನ ನಡುಮಧ್ಯದಲ್ಲಿಲ್ಲ, ಸುತ್ತ ಇವೆ. ಕೆಂಪು ನಕ್ಷತ್ರವನ್ನು ದಿಟ್ಟಿಸುತ್ತ ಕೂತರೆ ಅದು ಬೆಳಗುತ್ತ ಹೋದಂತೆ ಭ್ರಮೆ ಹುಟ್ಟುತ್ತದೆ. ಅದಕ್ಕೆ ಚಕ್ಕನೆ ನೋಡಿ ಕಣ್ಣು ಸರಿಸಬೇಕು. ನಕ್ಷತ್ರ ಕಾಣಲೇ ಇಲ್ಲವೋ, ಕಂಡದ್ದರಲ್ಲಿ ಅತಿ ಮಸುಕಾದುದರ ಅಂಕಿ ಬರೆದು 'ಇದಕ್ಕಿಂತ ಕಡಿಮೆ' ಎಂಬ ಚಿಹ್ನೆ ಹಾಕಬೇಕು. ಅದೂ ಪೂರ್ಣ ಪ್ರಮಾಣದ ವರದಿಯೇ. ನಾಳೆ ನಕ್ಷತ್ರ ಸಿಡಿದರೆ, ಇವತ್ತು ರಾತ್ರಿ ಒಂಬತ್ತರವರೆಗೆ ಸಿಡಿದಿರಲಿಲ್ಲ ಎಂದು ಹೇಳಬಲ್ಲ ಸಾಕ್ಷಿ ಅದೊಂದೇ.

ಇದನ್ನೆಲ್ಲ ಒಬ್ಬೊಬ್ಬರೇ ಪುಸ್ತಕ ನೋಡಿ ಕಲಿಯುವುದು ಕಷ್ಟ. ಪಕ್ಕದಲ್ಲಿ ಬೆರಳು ತೋರಿಸುವವರು ಬೇಕು. ಮೈಸೂರಿನಲ್ಲಿ ಜಿ.ಟಿ. ನಾರಾಯಣರಾವ್ ಆ ಬೆರಳಾಗಿದ್ದರು. ಅವರ 'ನಕ್ಷತ್ರವೀಕ್ಷಣೆ' ಹಿಡಿದು ಮಾಳಿಗೆ ಹತ್ತಿದ ಕನ್ನಡಿಗರು ಒಂದು ತಲೆಮಾರೇ ಇದ್ದಾರೆ. ಬೆಂಗಳೂರಿನಲ್ಲಿ 1970ರ ದಶಕದಿಂದ ಹವ್ಯಾಸಿಗಳ ಸಂಘವಿದೆ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಖಗೋಳಾಸಕ್ತರ ತಂಡ ಕರಾವಳಿಯಲ್ಲಿ ಹೆಸರುವಾಸಿ. ಇವರಿಗೆ ಅಮಾವಾಸ್ಯೆಯೇ ಹಬ್ಬ. ಅಮಾವಾಸ್ಯೆಗೆ ಹತ್ತಿರದ ಶನಿವಾರ ಊರ ದೀಪ ಬಿಟ್ಟು ಎರಡು ಮೂರು ಗಂಟೆಯ ದಾರಿ ಹೋಗಿ ಯಾರದೋ ಹೊಲದಲ್ಲಿ ಟಾರ್ಪಾಲು ಹಾಸುತ್ತಾರೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿರಬೇಕು, ಇಲ್ಲದಿದ್ದರೆ ಬೈಗುಳ ಖಾತ್ರಿ. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆ ಹಿಡಿಯುತ್ತದೆ, ಒಂದು ಮೊಬೈಲ್ ಬೆಳಕು ಸಾಕು ಅದನ್ನು ಹಾಳುಮಾಡಲು. ಬ್ಯಾಂಕಿನವರು, ಮೇಷ್ಟ್ರು, ಸಾಫ್ಟ್‌ವೇರ್‌ನವರು, ಡಿಪ್ಲೊಮಾ ಓದುವ ಹುಡುಗರು, ಕತ್ತಲಲ್ಲಿ ಯಾರ ಮುಖವೂ ಸರಿಯಾಗಿ ಕಾಣದು, ದನಿಯಲ್ಲೇ ಗುರುತು. ಶನಿಯ ಬಳೆ ಮೊದಲ ಸಲ ನೋಡಿದವರು ಕೊಳವೆಯೊಳಗೆ ಚಿತ್ರ ಅಂಟಿಸಿದ್ದೀರಾ ಎಂದು ಕೇಳುವುದು ಎಲ್ಲ ತಂಡಗಳಲ್ಲೂ ಮಾಮೂಲು.

ಆಮೇಲೆ ಜೂನ್ ಬರುತ್ತದೆ, ಅಂಗಡಿ ಬಂದ್. ಉತ್ತರ ಕಿರೀಟ ಸಂಜೆಯ ಹೊತ್ತಿಗೆ ನೆತ್ತಿಯ ಕಡೆ ಏರುವ ತಿಂಗಳಿಗೇ ನಮ್ಮಲ್ಲಿ ಮುಂಗಾರು ಕೂಡಿಕೊಳ್ಳುವುದು ನಮ್ಮ ಹಣೆಬರಹ. ಆರಿದ್ರಾ ಮಳೆ ಹಿಡಿದರೆ ಬಿಡುವುದಿಲ್ಲ ಎಂದು ರೈತರು ಖುಷಿಪಡುವ ದಿನಗಳಲ್ಲಿ ಇವರು ದೂರದರ್ಶಕದ ಕನ್ನಡಿಗೆ ಬೂಷ್ಟು ಹಿಡಿಯದಂತೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಕೂರುತ್ತಾರೆ.

ಈಗ ಇದೆಲ್ಲ ಏಕೆ ಬೇಕು ಎನ್ನುವವರಿದ್ದಾರೆ. ಇಡೀ ಆಕಾಶವನ್ನು ಕೆಲವೇ ರಾತ್ರಿಗಳಲ್ಲಿ ಬಾಚಿಕೊಳ್ಳುವ ಯಂತ್ರಗಳು ಬಂದಿವೆ. ಚಿಲಿಯ ರೂಬಿನ್ ವೀಕ್ಷಣಾಲಯದ ಕ್ಯಾಮೆರಾ 3,200 ಮೆಗಾಪಿಕ್ಸೆಲಿನದು. ಹೊಸ ಧೂಮಕೇತು, ಸೂಪರ್‌ನೋವಾಗಳ ಬೇಟೆಯಲ್ಲಿ ಹವ್ಯಾಸಿಯ ಪಾಲು ಕುಗ್ಗಿದ್ದು ನಿಜ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಆ ಕ್ಯಾಮೆರಾಗಳಿಗೆ ಒಂದು ಬಲಹೀನತೆ ಇದೆ. ಬಹಳ ಮಸುಕಾದುದನ್ನು ಹಿಡಿಯಲೆಂದೇ ಮಾಡಿದವು ಅವು. ಬರಿಗಣ್ಣಿಗೆ ಕಾಣುವ ನಕ್ಷತ್ರ ಎದುರಾದರೆ ಬೆಳಕು ಹೆಚ್ಚಾಗಿ ಕಣ್ಣು ಕುಕ್ಕಿದಂತಾಗಿ ಅಳತೆ ಕೆಡುತ್ತದೆ. ಎಲ್ಲರಿಗೂ ಕಾಣುವ ನಕ್ಷತ್ರಗಳನ್ನು ನೋಡುವ ಕೆಲಸ ಹೀಗೆ ಮತ್ತೆ ಹವ್ಯಾಸಿಗಳ ಪಾಲಿಗೇ ಬರುತ್ತದೆ.

2019ರ ಕೊನೆಯಲ್ಲಿ ಆದದ್ದು ಅದೇ. ಮಹಾವ್ಯಾಧ ಪುಂಜದ ಹೆಗಲಿನ ಕೆಂಪು ನಕ್ಷತ್ರ ಆರ್ದ್ರಾ ಕಂದತೊಡಗಿತು. 2020ರ ಫೆಬ್ರುವರಿ ಹೊತ್ತಿಗೆ ಅದರ ಬೆಳಕು ಕಾಂತಿಮಾನ 1.6ರ ಆಸುಪಾಸಿಗೆ ಇಳಿದು, ಇನ್ನೊಂದು ಹೆಗಲಿನ ಬೆಲಾಟ್ರಿಕ್ಸ್‌ಗೆ ಸಮವಾಯಿತು. ಸಿಡಿದೇಬಿಡುತ್ತದೆ ಎಂದು ಟಿವಿಯವರು ಉತ್ಸಾಹದಲ್ಲಿದ್ದರು. ಸಿಡಿಯಲಿಲ್ಲ, ನಕ್ಷತ್ರವೇ ಉಗುಳಿದ ಅನಿಲ ತಣಿದು ಧೂಳಾಗಿ ನಮ್ಮ ದಿಕ್ಕಿಗೆ ಅಡ್ಡ ಬಂದಿತ್ತೆಂದು ಮರುವರ್ಷ ವಿಜ್ಞಾನಿಗಳು ತೀರ್ಮಾನಿಸಿದರು. ಈ ಇಳಿಕೆ ಅಸಾಧಾರಣವೆಂದು ಹೇಳಲು ಹಿಂದಿನ ದಶಕಗಳಲ್ಲಿ ಆರ್ದ್ರಾ ಹೇಗಿತ್ತೆಂದು ತಿಳಿದಿರಬೇಕಲ್ಲ? ಹವ್ಯಾಸಿಗಳು ಬರೆದಿಟ್ಟ ಸಾವಿರಾರು ವಿಶೇಷವೇನಿಲ್ಲಗಳು ಆಗ ಕಡತದಿಂದ ಹೊರಬಂದವು.

ಆರ್ದ್ರಾ ನೋಡಲು ದುರ್ಬೀನು ಬೇಡ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಸಂಜೆ ಊಟಕ್ಕೆ ಮುಂಚೆ ಒಮ್ಮೆ ಹೊರಗೆ ಬಂದು, ಪಕ್ಕದ ರೋಹಿಣಿಗಿಂತ ಅದು ಹೆಚ್ಚೋ ಕಡಿಮೆಯೋ ನೋಡಿ, ತಾರೀಖು ಮತ್ತು ವೇಳೆ ಹಾಕಿ ಬರೆದರಾಯಿತು. ರೋಹಿಣಿಯ ಕಾಂತಿಮಾನ ಸುಮಾರು 0.9. ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು, ಇದೊಂದು ನೆನಪಿರಲಿ.