ಮಾಡಿದವರಾರು, ಉಣ್ಣುವವರಾರು?

ನವರಾತ್ರಿಯ ಪುಣ್ಯಕಾಲದಲ್ಲಿ ಧರ್ಮಜಿಜ್ಞಾಸೆಗೆ ಮೀಸಲಾದ ಈ ಪುಟಗಳಲ್ಲಿ ಭೂಮಿಯ ತಾಪದ ವಿಚಾರವೇಕೆ ಎಂದು ಸಹೃದಯ ವಾಚಕರು ಕೇಳಬಹುದು. ಅದು ವಿಜ್ಞಾನಿಗಳ, ರಾಜಕಾರಣಿಗಳ ವಿಷಯವಲ್ಲವೆ? ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆನು. ಒಬ್ಬ ಹೆಣ್ಣುಮಗಳ ಪ್ರಶ್ನೆ ಆ ನೆಮ್ಮದಿಯನ್ನು ಕೆಡಿಸಿತು.

2015ರ ಡಿಸೆಂಬರ್ 1ರ ಮಳೆಯನ್ನು ಚೆನ್ನೈ ಕನ್ನಡಿಗರಾರೂ ಮರೆತಿರಲಾರರು. ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರು ಮಳೆ. ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರೂ ಸೇರಿ ಅಡ್ಯಾರು ನದಿ ದಡ ಮೀರಿ ಹರಿಯಿತು. ತ್ಯಾಗರಾಯನಗರದ ಎರಡನೆಯ ಅಂತಸ್ತಿನಲ್ಲಿದ್ದ ನಮಗೆ ಹಾಲಿಲ್ಲ, ವಿದ್ಯುತ್ತಿಲ್ಲ, ದೂರವಾಣಿಯಿಲ್ಲ ಎಂಬಷ್ಟೇ ಕಷ್ಟ. ನಮ್ಮ ಮನೆಗೆಲಸದಾಕೆಯದು ಸೈದಾಪೇಟೆಯ ನದೀದಂಡೆಯ ಗುಡಿಸಲು. ಹತ್ತು ದಿನಗಳ ಮೇಲೆ ಅವಳು ಬಂದಳು. ಪಡಿತರ ಚೀಟಿ, ಮಗಳ ಪುಸ್ತಕಗಳು, ಕಂತಿನಲ್ಲಿ ಕೊಂಡ ಹೊಲಿಗೆ ಯಂತ್ರ ಎಲ್ಲವೂ ನೀರುಪಾಲಾಗಿದ್ದವು. "ನಾನೇನು ಪಾಪ ಮಾಡಿದ್ದೆ, ಅಯ್ಯಾ?" ಎಂದು ತನ್ನ ತಮಿಳಿನಲ್ಲಿ ಕೇಳಿದಳು. "ಎಲ್ಲವೂ ಪೂರ್ವಜನ್ಮದ ಕರ್ಮವಮ್ಮ" ಎಂದುಬಿಟ್ಟೆನು. ಅವಳು ಮರುಮಾತಾಡದೆ ಪಾತ್ರೆ ತಿಕ್ಕಲು ಹೋದಳು.

ಆ ಉತ್ತರ ನನ್ನ ಬಾಯಿಗೆ ಎಷ್ಟು ಸುಲಭವಾಗಿ ಬಂದಿತೋ ಮನಸ್ಸಿಗೆ ಅಷ್ಟೇ ಭಾರವಾಗಿ ಕುಳಿತಿತು. 'ಮಾಡಿದ್ದುಣ್ಣೋ ಮಹಾರಾಯ' ಎಂಬುದು ನಮ್ಮ ಗಾದೆ. ಕರ್ತನೇ ಭೋಕ್ತನೆಂಬುದು ಕರ್ಮಸಿದ್ಧಾಂತದ ತಿರುಳು. ಭೂತಾಪದ ವಿಷಯದಲ್ಲಿ ಈ ತಿರುಳಿಗೇ ಪೆಟ್ಟು ಬೀಳುತ್ತದೆ. ಒಬ್ಬರು ಕಲ್ಲಿದ್ದಲು ಸುಡುತ್ತಾರೆ. ಅದರ ಹೊಗೆ ಎಲ್ಲರ ಆಕಾಶವನ್ನೂ ಸೇರುತ್ತದೆ. ಶತಮಾನ ಕಳೆದ ಮೇಲೆ ಬೇರೊಬ್ಬರ ಮನೆಗೆ ನೀರು ನುಗ್ಗುತ್ತದೆ. 2020ರ ಆಗಸ್ಟಿನಲ್ಲಿ ಬ್ರಹ್ಮಗಿರಿ ಕುಸಿದಾಗ ತಲಕಾವೇರಿಯ ಅರ್ಚಕರ ಮನೆಯೇ ಮಣ್ಣಿನಲ್ಲಿ ಹೂತುಹೋಯಿತು. ಕಾವೇರಮ್ಮನ ಉಗಮಸ್ಥಾನದಲ್ಲಿ ನಿತ್ಯ ಪೂಜೆ ಮಾಡುತ್ತಿದ್ದವರ ಕರ್ಮಲೆಕ್ಕವನ್ನು ನಾವು ಯಾವ ಧೈರ್ಯದಿಂದ ಬರೆಯುವುದು?

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಬ್ರಹ್ಮಗಿರಿಯ ಕುಸಿತಕ್ಕೆ ಗುಡ್ಡವನ್ನು ಅಗೆದದ್ದೂ ಕಾರಣವೆಂದವರುಂಟು. ಚೆನ್ನೈಯ ಆ ಮಳೆಯನ್ನೇ ಪ್ರತ್ಯೇಕವಾಗಿ ಪರಿಶೀಲಿಸಿದ ವಿಜ್ಞಾನಿಗಳಿಗೆ ಅದರಲ್ಲಿ ಭೂತಾಪದ ಸ್ಪಷ್ಟ ಕುರುಹು ಕಾಣಲಿಲ್ಲ. ಪ್ರತಿಯೊಂದು ಪ್ರವಾಹವನ್ನೂ ಭೂತಾಪದ ತಲೆಗೆ ಕಟ್ಟುವುದು ಸತ್ಯಕ್ಕೆ ಅಪಚಾರ. ಹಾಗೆ ಕಟ್ಟಿ, ಕೆರೆ ಮುಚ್ಚಿದವರು ಜಾರಿಕೊಳ್ಳುವುದೂ ಉಂಟು. ಆದರೆ ಒಂದು ಡಿಗ್ರಿ ಬೆಚ್ಚಗಾದ ಗಾಳಿ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು, ಕಡಲಿನ ಮಟ್ಟ ಏರುತ್ತಿದೆ ಎಂಬುವು ಈಗ ವಿವಾದದ ಸಂಗತಿಗಳಲ್ಲ. ಯಂತ್ರಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಇಂಗಾಲಾಮ್ಲವು ಇಂದು 420ನ್ನು ದಾಟಿದೆ.

ವಿವಾದವಿರುವುದು ಹೊಣೆ ಯಾರದೆಂಬುದರಲ್ಲಿ. 1991ರಲ್ಲಿ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಅವರು ಬಡವನ ಒಲೆಯ ಹೊಗೆಯನ್ನೂ ಧನಿಕನ ಭೋಗದ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ವಾದಿಸಿದರು. ಮರುವರ್ಷ ರಿಯೋ ನಗರದಲ್ಲಿ ಸೇರಿದ ರಾಷ್ಟ್ರಗಳು, ಹೊಣೆ ಎಲ್ಲರದೂ ಹೌದು, ಆದರೆ ಸಮನಲ್ಲ ಎಂದು ಒಪ್ಪಿದವು. ಹಾನಿಗೊಳಗಾದ ಬಡರಾಷ್ಟ್ರಗಳಿಗೆ ನೆರವಿನ ನಿಧಿಯೊಂದು ಬೇಕೆಂಬ ತೀರ್ಮಾನವಾಗಲು ಮಾತ್ರ 2022ರವರೆಗೆ ಕಾಯಬೇಕಾಯಿತು. ಧನಿಕ ದೇಶದವರು ಹೇಳುವುದಿಷ್ಟು: "ನಮ್ಮ ಮುತ್ತಾತಂದಿರು ತಿಳಿಯದೆ ಮಾಡಿದ್ದಕ್ಕೆ ನಮ್ಮನ್ನೇಕೆ ಹಿಡಿಯುತ್ತೀರಿ?"

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಮ್ಮ ಧರ್ಮಶಾಸ್ತ್ರವೂ ಅರಿಯದೆ ಮಾಡಿದ ಪಾಪಕ್ಕೂ ಅರಿತು ಮಾಡಿದ ಪಾಪಕ್ಕೂ ಪ್ರಾಯಶ್ಚಿತ್ತದಲ್ಲಿ ಭೇದವನ್ನೆಣಿಸುತ್ತದೆ. ಆದರೆ ವಿಶ್ವಸಂಸ್ಥೆಯ ವಿಜ್ಞಾನಿಗಳ ಮೊದಲ ವರದಿ ಬಂದದ್ದು 1990ರಲ್ಲಿ. ಕಲ್ಲಿದ್ದಲು, ಎಣ್ಣೆಗಳಿಂದ ಮಾನವಕುಲ ಇದುವರೆಗೆ ಹೊರಬಿಟ್ಟ ಇಂಗಾಲಾಮ್ಲದ ಅರ್ಧಕ್ಕೂ ಮಿಕ್ಕ ಪಾಲು ಅಲ್ಲಿಂದೀಚಿನದು. ಅಜ್ಞಾನದ ನೆಪ ಅಲ್ಲಿಗೆ ಮುಗಿಯಿತು.

ಹಳೆಯ ಪಾಲಿನ ಗತಿಯೇನು? ಇಲ್ಲಿ ಪಾಪಪುಣ್ಯಗಳ ಭಾಷೆಗಿಂತ ಋಣದ ಭಾಷೆ ಹೆಚ್ಚು ಹೊಂದುವುದೆಂದು ನನಗೆ ತೋರುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದರ ಚರ್ಚೆಯಿದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು, ನಮ್ಮ ನಾಡಿನವನು. ತಂದೆ ಕುಡಿತಕ್ಕೋ ಜೂಜಿಗೋ ಮಾಡಿದ ಸಾಲವನ್ನು ಮಗನು ತೀರಿಸಬೇಕಿಲ್ಲವೆಂದು ಸ್ಮೃತಿ ಉದಾರವಾಗಿಯೇ ಹೇಳುತ್ತದೆ. ಆದರೆ ಆಸ್ತಿಯನ್ನು ಪಡೆದವನು ಋಣವನ್ನೂ ಹೊರಬೇಕೆಂದು ವಿಧಿಸುತ್ತದೆ. ಸಾಲಗಾರನ ಪಾಪದಲ್ಲಿ ಅವನು ಪಾಲುಗಾರನೇ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಮನೆ ನಿನ್ನ ಕೈಯಲ್ಲಿದೆಯೆ? ಹಾಗಾದರೆ ಸಾಲದ ಪತ್ರವೂ ನಿನ್ನದೇ. ಮುತ್ತಾತನ ಹೊಗೆಯಿಂದ ಎದ್ದ ಕಾರ್ಖಾನೆ, ರಸ್ತೆ, ಬ್ಯಾಂಕುಗಳನ್ನು ಅನುಭವಿಸುತ್ತ ಅವನ ಸಾಲವನ್ನು ಮಾತ್ರ ಅರಿಯೆನೆನ್ನುವುದು ನ್ಯಾಯವಾಗದು.

ಇಷ್ಟು ಬರೆದಾಗ ನನಗೆ ಬಹಳ ಸಂತೋಷವಾಗಿತ್ತು. ಅಮೆರಿಕದವನನ್ನು ಕಟಕಟೆಯಲ್ಲಿ ನಿಲ್ಲಿಸಿದ ಸಂತೋಷ. ತಲಾವಾರು ಲೆಕ್ಕದಲ್ಲಿ ಅವನ ಹೊಗೆ ಭಾರತೀಯನದಕ್ಕಿಂತ ಹಲವು ಪಟ್ಟು ಹೆಚ್ಚೆಂಬುದೂ ನಿಜ. ಆದರೆ ಸ್ಮೃತಿವಾಕ್ಯಕ್ಕೆ ಸಮುದ್ರದ ಎಲ್ಲೆಯಿಲ್ಲ. ನಾನು ವಾಸಿಸುವ ತ್ಯಾಗರಾಯನಗರವೇ ಒಂದು ಕೆರೆಯ ಅಂಗಳ. 1920ರ ದಶಕದಲ್ಲಿ ಲಾಂಗ್ ಟ್ಯಾಂಕ್ ಎಂಬ ವಿಶಾಲವಾದ ಕೆರೆಯನ್ನು ಬರಿದುಮಾಡಿ ಈ ಬಡಾವಣೆಯನ್ನು ಕಟ್ಟಿದರು. ಪಕ್ಕದ ಪಶ್ಚಿಮ ಮಾಂಬಲಂನಲ್ಲಿ ಇಂದಿಗೂ ಲೇಕ್ ವ್ಯೂ ರಸ್ತೆಯಿದೆ; ಅಲ್ಲಿ ನಿಂತು ನೋಡಿದರೆ ಕಾಣುವುದು ಕಟ್ಟಡಗಳೇ. ಕೆರೆ ಮುಚ್ಚಿದವನು ನಾನಲ್ಲ. ಆದರೆ ಮನೆಪತ್ರ ನನ್ನ ಹೆಸರಿನಲ್ಲಿದೆ. ಮೂರು ಕೋಣೆಗಳಲ್ಲಿ ಹವಾನಿಯಂತ್ರಣ ಯಂತ್ರಗಳಿವೆ. ಅವುಗಳ ತಂಪು ನಮಗೆ, ಬಿಸಿ ಓಣಿಗೆ.

ಭಾರತವು ಹೊರಗೆ ಕೇಳುವ ನ್ಯಾಯವನ್ನು ನಾವು ಒಳಗೆ ಕೊಡಬೇಡವೆ ಎಂದು ಮಿತ್ರರೊಬ್ಬರಲ್ಲಿ ಕೇಳಿದೆನು. "ಒಬ್ಬರು ಫ್ಯಾನು ನಿಲ್ಲಿಸಿದರೆ ಕಡಲು ತಗ್ಗುವುದೆ? ಬಡವರಿಗೆ ಮೊದಲು ವಿದ್ಯುತ್ತು ಬೇಕು" ಎಂದರು. ಎರಡನೆಯ ಮಾತನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಆದರೆ ಬಡವರ ಹೆಸರಿನಲ್ಲಿ ಉಳಿಸಿಕೊಂಡ ರಿಯಾಯಿತಿಯನ್ನು ಬಳಸುತ್ತಿರುವವರು ಬಹುಮಟ್ಟಿಗೆ ನಾವೇ. 2019ರ ಬೇಸಗೆಯಲ್ಲಿ ನಗರದ ಕೆರೆಗಳು ಒಣಗಿ, ಜುಲೈ 12ರಂದು ಜೋಲಾರ್‌ಪೇಟೆಯಿಂದ ಕಾವೇರಿಯ ನೀರು 25 ಲಕ್ಷ ಲೀಟರುಗಳಷ್ಟು ರೈಲಿನಲ್ಲಿ ವಿಲ್ಲಿವಾಕ್ಕಂಗೆ ಬಂದಿತು. ಕೊಡಗಿನಲ್ಲಿ ಹುಟ್ಟಿದ ತಾಯಿ ವ್ಯಾಗನುಗಳಲ್ಲಿ ಬಂದಳೆಂದು ನಾನು ಕಣ್ಣೀರಿಟ್ಟೆನು. ಆ ದಿನಗಳಲ್ಲಿ ನಮ್ಮ ಕಟ್ಟಡಕ್ಕೆ ಹಣ ತೆತ್ತು ಟ್ಯಾಂಕರು ತರಿಸುತ್ತಿದ್ದೆವು. ಮನೆಗೆಲಸದಾಕೆ ನಡುರಾತ್ರಿ ಎದ್ದು ಕೊಡಗಳನ್ನು ಸಾಲಿನಲ್ಲಿಟ್ಟು ಬರುತ್ತಿದ್ದಳು.

ಪ್ರವಾಹದ ತರುವಾಯ ನದೀದಂಡೆಯ ಸಂಸಾರಗಳನ್ನು ನಗರದ ದಕ್ಷಿಣದಂಚಿನ ಪೆರುಂಬಾಕ್ಕಂಗೆ ಸಾಗಿಸಿದರು. ಅವಳೂ ಹೋದಳು. ಅದು ಪಳ್ಳಿಕರಣೈ ಜೌಗುಭೂಮಿಯ ಮಗ್ಗುಲು. ನೀರಿನಿಂದ ಪಾರುಮಾಡಲು ನೀರಿನ ದಾರಿಗೇ ಒಯ್ದಂತಾಯಿತು. ಎರಡು ಬಸ್ಸು ಬದಲಿಸಿ ಈಗಲೂ ಕೆಲಸಕ್ಕೆ ಬರುತ್ತಾಳೆ.

ಕಳೆದ ಆಯುಧಪೂಜೆಯಂದು ನಮ್ಮ ಕಾರಿಗೆ ಕುಂಕುಮವಿಟ್ಟು ಬೂದುಗುಂಬಳ ಒಡೆದ ಮೇಲೆ, ಅದರ ಚೂರುಗಳನ್ನು ಗುಡಿಸುತ್ತಿದ್ದವಳನ್ನು ಕರೆದು, "ಅಂದು ನಾನು ಕರ್ಮವೆಂದದ್ದು ತಪ್ಪಮ್ಮ" ಎಂದೆನು. ಅವಳಿಗೆ ಆ ಮಾತು ನೆನಪಿತ್ತೋ ಇಲ್ಲವೋ ತಿಳಿಯದು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗಿನ ಮರೆಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದಳು. ಪಡಿತರ ಚೀಟಿ, ಮಗಳ ಅಂಕಪಟ್ಟಿಗಳು ಅದರಲ್ಲಿದ್ದವು. "ಮಳೆಗಾಲ ಮುಗಿಯುವವರೆಗೆ ಇದು ನಿಮ್ಮ ಮಹಡಿಯ ಮನೆಯಲ್ಲಿರಲಿ, ಅಯ್ಯಾ" ಎಂದಳು. ಚೀಲವನ್ನು ದೇವರ ಕೋಣೆಯ ಗೂಡಿನಲ್ಲಿ ಪಂಚಾಂಗದ ಪಕ್ಕಕ್ಕೆ ಇಟ್ಟೆನು.